ಓದುಗರ ಪ್ರಶ್ನೆ: ಹಾಡುಗಾರರು ಪಕ್ಷ ಹಿಡಿದರೆ ಅಭಿಮಾನಿಗೇಕೆ ಸಿಟ್ಟು?

ಪ್ರಶ್ನೆ: ನಾವು ನಾಲ್ಕಾರು ಗೆಳೆಯರು ಕಾಲೇಜು ದಿನಗಳಿಂದಲೂ ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಕೇಳುತ್ತ ಬಂದವರು. ಆ ತಂಡದಲ್ಲಿದ್ದ ರೋಜರ್ ವಾಟರ್ಸ್ ಈಗೀಗ ವೇದಿಕೆಯ ಮೇಲೆ ಹಾಡಿನಷ್ಟೇ ರಾಜಕೀಯವನ್ನೂ ಆಡುತ್ತಾರೆ. ಇದರಿಂದ ಬೇಸತ್ತ ನಮ್ಮಲ್ಲೊಬ್ಬರು ತಮ್ಮ ಕ್ಯಾಸೆಟ್‌ಗಳನ್ನೆಲ್ಲ ಗುಜರಿಗೆ ಹಾಕಿಬಿಟ್ಟರು. ಹಾಡುಗಾರರು ಹಾಡಿಕೊಂಡಿದ್ದರೆ ಸಾಲದೆ? ದುಡ್ಡು ಕೊಟ್ಟು ಬಂದವರಿಗೆ ಭಾಷಣ ಕೇಳಿಸುವುದು ಸರಿಯೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಗುಜರಿಗೆ ಹೋದ ಕ್ಯಾಸೆಟ್‌ಗಳಲ್ಲಿ 1977ರ ‘ಅನಿಮಲ್ಸ್’ ಇತ್ತೇ ಎಂದು ತಮ್ಮ ಗೆಳೆಯರನ್ನು ದಯವಿಟ್ಟು ಕೇಳಿ ನೋಡಿ. ಮನುಷ್ಯರನ್ನು ನಾಯಿ, ಹಂದಿ, ಕುರಿಗಳೆಂದು ವಿಂಗಡಿಸಿ ತರಾಟೆಗೆ ತೆಗೆದುಕೊಂಡ ಆಲ್ಬಂ ಅದು; ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಚಿಮಣಿಗಳ ನಡುವೆ ತೇಲುವ ಹಂದಿ ಅದರ ಹೊದಿಕೆಯ ಮೇಲೆಯೇ ಇದೆ. 2017ರ ಪ್ರವಾಸದಲ್ಲಿ ವಾಟರ್ಸ್ ಅದೇ ಆಲ್ಬಂನ ಹಾಡನ್ನು ಹಾಡುತ್ತಿರುವಾಗ ಹಿಂದಿನ ಪರದೆಯ ಮೇಲೆ ಟ್ರಂಪ್ ಅವರನ್ನು ಲೇವಡಿ ಮಾಡುವ ಚಿತ್ರಗಳು ಮೂಡಿದವು, ಅಮೆರಿಕದಲ್ಲಿ ಕೆಲವರು ಮುನಿದು ಎದ್ದು ಹೋದರು. 40 ವರ್ಷ ಈ ಹಾಡಿಗೆ ತಲೆದೂಗಿದವರು, ಬೈಗುಳ ತಾವು ಮತ ಹಾಕಿದವರತ್ತ ತಿರುಗಿದ ದಿನ ಮಾತ್ರ ಸಂಗೀತದಲ್ಲಿ ರಾಜಕೀಯ ಬೇಡವೆಂದರು. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಇಟಲಿಯ ಆನ್ಜಿಯೊದಲ್ಲಿ ತಂದೆಯನ್ನು ಕಳೆದುಕೊಂಡ ಈ ಮನುಷ್ಯ ಯುದ್ಧದ ಬಗ್ಗೆ, ಅಧಿಕಾರಸ್ಥರ ಬಗ್ಗೆ ಬರೆಯದೇ ಇದ್ದ ಕಾಲ ಕಡಿಮೆ. ಆದ್ದರಿಂದ ಅವರು ಇತ್ತೀಚೆಗೆ ಕೆಟ್ಟರು ಎಂಬ ದೂರು ನಿಲ್ಲುವುದಿಲ್ಲ.

2018ರ ಅಕ್ಟೋಬರಿನಲ್ಲಿ, ಬ್ರೆಜಿಲ್ ಅಧ್ಯಕ್ಷ ಚುನಾವಣೆಯ ಎರಡು ಸುತ್ತುಗಳ ನಡುವೆ, ಸಾವೊ ಪೌಲೊದ ಕ್ರೀಡಾಂಗಣದಲ್ಲಿ ಬಲಪಂಥೀಯ ಅಭ್ಯರ್ಥಿ ಬೊಲ್ಸೊನಾರೊ ವಿರುದ್ಧದ ಘೋಷಣೆಯನ್ನು ವಾಟರ್ಸ್ ಪರದೆಯ ಮೇಲೆ ತೋರಿಸಿದಾಗ, ಒಂದೇ ಬೆಲೆಯ ಟಿಕೆಟ್ ಕೊಂಡು ಅಕ್ಕಪಕ್ಕ ನಿಂತವರಲ್ಲೇ ಕೆಲವರು ಹೋ ಎಂದು ಕೂಗಿ ಧಿಕ್ಕರಿಸಿದರು, ಕೆಲವರು ಹರ್ಷೋದ್ಗಾರ ಮಾಡಿದರು. 2022ರ ಪ್ರವಾಸದ ಹೊತ್ತಿಗೆ ವಾಟರ್ಸ್ ಸಂಕೋಚವನ್ನೂ ಬಿಟ್ಟರು: ಪಿಂಕ್ ಫ್ಲಾಯ್ಡ್ ಇಷ್ಟ, ರೋಜರ್ ರಾಜಕೀಯ ಸಹಿಸಲಾರೆವು ಎನ್ನುವವರು ಈಗಲೇ ಬಾರ್ ಕಡೆಗೆ ತೊಲಗಬಹುದು ಎಂಬ ಅರ್ಥದ ಸೂಚನೆಯನ್ನು ಕಾರ್ಯಕ್ರಮಕ್ಕೆ ಮೊದಲೇ ಕೇಳಿಸತೊಡಗಿದರು. (ಅವರು ಬಳಸಿದ ಪದವನ್ನು ಈ ಪತ್ರಿಕೆ ಅಚ್ಚು ಮಾಡಲಾರದು.) ಇದು ಒರಟುತನ, ಒಪ್ಪುತ್ತೇನೆ. ಆದರೆ ಭಾಷಣವಿದೆ ಎಂದು ತಿಳಿಯದೆ ದುಡ್ಡು ಕೊಟ್ಟೆವು ಎನ್ನುವ ಮಾತಿಗೆ ಅಂದಿನಿಂದ ಬೆಲೆ ಉಳಿಯಲಿಲ್ಲ.

ಮಂಡ್ಯದವರಾದ ತಮಗೆ ಇದು ಹೊಸದಾಗಿ ಕಾಣಬಾರದು. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಲತಾ ಅವರ ಪರ ದರ್ಶನ್, ಯಶ್ ಜೋಡೆತ್ತುಗಳೆನಿಸಿಕೊಂಡು ಊರೂರು ಸುತ್ತಿದಾಗ, ಸಿನಿಮಾದವರಿಗೆ ಇಲ್ಲೇನು ಕೆಲಸ ಎಂಬ ಮಾತು ಎದುರು ಪಾಳಯದಿಂದ ಬಂತು; ಆ ಪಾಳಯದ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ ಅವರೂ ನಟರೇ. ಇನ್ನು ಸರ್ ಎಂ.ವಿ. ಪ್ರತಿಮೆಯೆದುರು ಕಾವೇರಿ ಧರಣಿ ಕೂತಾಗ ಚಿತ್ರರಂಗದವರು ಎಲ್ಲಿ ಅಡಗಿದ್ದಾರೆ ಎಂದು ಗುಡುಗುವವರು ನಾವೇ ಅಲ್ಲವೆ? ಕಲಾವಿದರು ಬಾಯಿ ಬಿಡಬಾರದು ಎಂಬುದು ನಮ್ಮ ತಕರಾರಲ್ಲ. ನಮ್ಮ ಮಾತನ್ನು ಬಿಟ್ಟು ಬೇರೆಯದನ್ನು ಆಡಿದರಲ್ಲ ಎಂಬ ನೋವನ್ನೇ ನಾವು ತತ್ತ್ವದಂತೆ ಮಾತಾಡುತ್ತೇವೆ.

ಅಭಿಮಾನಿ ಬಾಯಿಮುಚ್ಚಿಕೊಂಡಿರಬೇಕೆಂದು ಇದರರ್ಥವಲ್ಲ. 1976ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಗಿಟಾರ್ ವಾದಕ, ಗಾಯಕ ಎರಿಕ್ ಕ್ಲಾಪ್ಟನ್ ಬರ್ಮಿಂಗ್‌ಹ್ಯಾಮಿನ ವೇದಿಕೆಯಲ್ಲಿ ಕುಡಿದ ಮತ್ತಿನಲ್ಲಿ ವಲಸಿಗರನ್ನು ಹೀನಾಯವಾಗಿ ಬೈದು, ಈನಕ್ ಪೊವೆಲ್ ಎಂಬ ವಲಸೆ ವಿರೋಧಿ ರಾಜಕಾರಣಿಯನ್ನು ಹೊಗಳಿದರು. ಅದಕ್ಕೆ ಎರಡೇ ವರ್ಷದ ಹಿಂದೆ ಕ್ಲಾಪ್ಟನ್ ಅವರನ್ನು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿಸಿದ್ದ ಹಾಡು ಜಮೈಕಾದ ಕಪ್ಪು ಗಾಯಕ ಬಾಬ್ ಮಾರ್ಲಿ ಅವರದ್ದು. ಛಾಯಾಗ್ರಾಹಕ ರೆಡ್ ಸಾಂಡರ್ಸ್ ಮತ್ತು ಸಂಗಡಿಗರು ಸಂಗೀತ ಪತ್ರಿಕೆಗಳಿಗೆ ಪತ್ರ ಬರೆದು ಈ ಎಡವಟ್ಟನ್ನೇ ಎತ್ತಿ ಆಡಿದರು, ಜನಾಂಗದ್ವೇಷದ ವಿರುದ್ಧ ರಾಕ್ ಚಳವಳಿಗೆ ಕೈಜೋಡಿಸಿ ಎಂದು ಕರೆದರು. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಆ ಚಳವಳಿಯ ಮೇಳಕ್ಕೆ ಜನಸಾಗರ ಸೇರಿತು. ಹಾಡುಗಾರ ಹಾಡಿಕೊಂಡಿರಲಿ ಎಂದು ಅವರು ಹೇಳಲಿಲ್ಲ, ನೀನು ಹೇಳಿದ್ದು ತಪ್ಪು ಎಂದರು. ಸಿಟ್ಟು ಬಂದ ಅಭಿಮಾನಿಗೆ ನಾನು ಒಪ್ಪುವ ದಾರಿ ಅದು. ಎದ್ದು ಹೋಗುವುದೂ, ಮುಂದಿನ ಸಲ ಟಿಕೆಟ್ ಕೊಳ್ಳದಿರುವುದೂ ತಮ್ಮ ಹಕ್ಕೇ. ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕುವ ಬದಲು ನನಗೆ ಕಳಿಸಬಹುದಿತ್ತು, ಅಷ್ಟೆ.

ಪ್ರಶ್ನೆ: ಮೈಸೂರಿನ ನಮ್ಮ ಕಾಲೇಜು ಬ್ಯಾಂಡಿನ ಗಾಯಕ ಹಾಡುಗಳ ನಡುವೆ ರಾಜಕೀಯ ಮಾತಾಡುತ್ತಾನೆ. ಉಳಿದ ಮೂವರಿಗೆ ಇದು ಇಷ್ಟವಿಲ್ಲ. ಏನು ಮಾಡೋಣ ಸರ್?
– ಡ್ರಮ್ಸ್ ನುಡಿಸುವ ವಿದ್ಯಾರ್ಥಿ, ಸರಸ್ವತಿಪುರಂ

ಉತ್ತರ: ವಾಟರ್ಸ್ ತಮ್ಮ ಸೂಚನೆ ಕೇಳಿಸಿದ್ದು 1985ರಲ್ಲಿ ತಂಡ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ತಮ್ಮದೇ ಹೆಸರಿನ ಕಾರ್ಯಕ್ರಮದಲ್ಲಿ. ನಿಮ್ಮ ಗೆಳೆಯ ಮಾತಾಡುತ್ತಿರುವುದು ನಾಲ್ವರ ಹೆಸರಿನಲ್ಲಿ. ಅವನ ವಿಚಾರ ಹಾಡಾಗಿ ಬರಲಿ, ನಾಲ್ವರೂ ಕೂತು ಒಪ್ಪಿದರೆ ನುಡಿಸಿ. ಒಪ್ಪದಿದ್ದರೆ, ಇದು ನನ್ನೊಬ್ಬನ ಅಭಿಪ್ರಾಯ ಎಂದು ಮೈಕಿನಲ್ಲೇ ಹೇಳಿ ಅವನು ಮಾತಾಡಲಿ. ಇದನ್ನು ಮುಂದಿನ ಕಾರ್ಯಕ್ರಮಕ್ಕೆ ಮುಂಗಡ ಹಣ ಪಡೆಯುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.