ಪ್ರತಿಕ್ರಿಯೆ: ಅಪ್ಪನಿಗೆ ಬ್ರಿಟನ್ ಲಾಟರಿ ಬಂದಿದೆಯಂತೆ, ನಿಜವೇ?

ಬ್ರಿಟನ್ ಲಾಟರಿ ಗೆದ್ದಿದ್ದೀರಿ, ಹಣ ರಿಸರ್ವ್ ಬ್ಯಾಂಕಿನಲ್ಲಿದೆ, ಮೊದಲು ತೆರಿಗೆ ಅಂತ 18,500 ರೂಪಾಯಿ ಒಂದು ಉಳಿತಾಯ ಖಾತೆಗೆ ಹಾಕಿ ಎಂದು ನಿಮ್ಮ ತಂದೆಗೆ ಬಂದ ಮೇಲ್ ಖಂಡಿತ ಮೋಸದ್ದು. ಆ ಹಣ ದಯವಿಟ್ಟು ಕಳಿಸಬೇಡಿ.

ಅಪ್ಪ ಟಿಕೆಟ್ಟೇ ಕೊಂಡಿಲ್ಲ ಅಂತ ನೀವೇ ಬರೆದಿದ್ದೀರಿ. ಕೊಳ್ಳದ ಟಿಕೆಟ್ಟಿಗೆ ಬಹುಮಾನ ಬರುವುದಿಲ್ಲ, ಅಲ್ವಾ? ಕಂಪ್ಯೂಟರ್ ಸುಮ್ನೆ ಅವರ ಇಮೇಲ್ ವಿಳಾಸ ಆರಿಸಿತು ಅನ್ನುವುದು ಈ ವಂಚಕರ ಹಳೆಯ ಕಥೆ.

ತೆರಿಗೆ ಮೊದಲು ಕಟ್ಟಿ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜನ ಜಾಸ್ತಿ ನಂಬುವುದು ಅಲ್ಲೇ. ನಮ್ಮಲ್ಲಿ ಲಾಟರಿ ಹಣಕ್ಕೆ ಶೇ. 30 ತೆರಿಗೆ ಇರುವುದು ನಿಜ. ಆದರೆ ನಗದು ಬಹುಮಾನವಾದರೆ ಕೊಡುವವರೇ ಅದನ್ನು ಮುರಿದುಕೊಂಡು ಉಳಿದ ಹಣ ಕೊಡುತ್ತಾರೆ. ಗೆದ್ದವರು ಯಾರದೋ ಉಳಿತಾಯ ಖಾತೆಗೆ ಹಣ ಹಾಕಬೇಕಿಲ್ಲ. ಹಣ ರಿಸರ್ವ್ ಬ್ಯಾಂಕಿನಲ್ಲಿದೆ ಅನ್ನುವುದೂ ಸುಳ್ಳು. ಆ ಬ್ಯಾಂಕು ಜನಸಾಮಾನ್ಯರ ಖಾತೆಗಳನ್ನು ಇಟ್ಟುಕೊಳ್ಳುವುದಿಲ್ಲ. ವಿದೇಶಿ ಲಾಟರಿ ಟಿಕೆಟ್ಟಿಗೆ ಭಾರತದಿಂದ ಹಣ ಕಳಿಸುವುದಕ್ಕೂ ಫೆಮಾ ಕಾಯ್ದೆಯ (ವಿದೇಶಿ ವಿನಿಮಯದ ಕಾನೂನು) ನಿಯಮಗಳಲ್ಲಿ ಅವಕಾಶವಿಲ್ಲ.

ನನಗೆ ಹೆಚ್ಚು ಚಿಂತೆ ಆಗಿರುವುದು ಅಪ್ಪ ಆ ವಂಚಕರಿಗೆ ಪ್ಯಾನ್ ಕಾರ್ಡ್, ಪಾಸ್‌ಬುಕ್ ಫೋಟೋ ಕಳಿಸಿರುವುದು. ಇವತ್ತೇ ಬ್ಯಾಂಕಿಗೆ ಹೋಗಿ ವಿಷಯ ತಿಳಿಸಿ. ಮೇಲ್‌ನ ಪಾಸ್‌ವರ್ಡ್ ಬದಲಿಸಿ. ಯಾರು ಕೇಳಿದರೂ ಒಟಿಪಿ ಹೇಳಬಾರದು ಎಂದು ಅವರಿಗೆ ಹೇಳಿ. ಅವರ ಹೆಸರಲ್ಲಿ ಯಾರಾದರೂ ಸಾಲ ತೆಗೆದಿದ್ದಾರಾ ಅಂತ ಮುಂದಿನ ಕೆಲವು ತಿಂಗಳು ಸಿಬಿಲ್ ವರದಿಯಲ್ಲಿ (ಒಬ್ಬರ ಹೆಸರಿನ ಸಾಲಗಳ ದಾಖಲೆ) ನೋಡುತ್ತಿರಿ.

ನಿಮಗೆ ಗೊತ್ತಿಲ್ಲದೆ ಅಪ್ಪ ಈಗಾಗಲೇ ಹಣ ಕಳಿಸಿರಬಹುದು. ಬೈಯದೆ ಕೇಳಿ, ಹೆದರಿದರೆ ಮುಚ್ಚಿಡುತ್ತಾರೆ. ಕಳಿಸಿದ್ದರೆ ಒಂದು ಗಂಟೆಯೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಮೇಲ್ ಅಳಿಸಬೇಡಿ, ದೂರಿಗೆ ಬೇಕಾಗುತ್ತದೆ.