ಮೇಜು ಎಲ್ಲಿ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: ‘ಮಕ್ಕಳನ್ನು ಕರೆದುಕೊಂಡು ಕುಪ್ಪಳಿಗೆ ಹೋಗಿದ್ದೆ. ತಲುಪುವಾಗ ಸಂಜೆಯಾಗಿತ್ತು. ಕವಿಮನೆಯಲ್ಲಿ ಗಡಿಬಿಡಿಯಲ್ಲಿ ಒಂದು ಸುತ್ತು ಹಾಕಿದೆವು. ಬರೀ ಪಾತ್ರೆ, ಬುಟ್ಟಿ. ಕುವೆಂಪು ಕೂತು ಬರೆದ ಮೇಜು ಎಲ್ಲಿ? ನಿರಾಸೆಯಾಯಿತು.’

ಸಂಪಾದಕರ ಉತ್ತರ:

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಮೈಸೂರಿನ ಮೇಜನ್ನು ನೀವು ಕುಪ್ಪಳಿಯಲ್ಲಿ ಹುಡುಕಿದ್ದೀರಿ! ಕುವೆಂಪು ಸಂಸಾರ ಮಾಡಿದ್ದು, ಪಾಠ ಹೇಳಿದ್ದು, ಬರೆದದ್ದು ಎಲ್ಲ ಬಹುಪಾಲು ಮೈಸೂರಿನಲ್ಲಿ. ಅಲ್ಲಿನ ಮನೆ ‘ಉದಯರವಿ’. ಕುಪ್ಪಳಿಯದು ಅವರು ಆಡಿ ಬೆಳೆದ ಮನೆ. ಹುಟ್ಟಿದ್ದು ಕೂಡ ಅಲ್ಲಲ್ಲ. 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ.

ಹಾಗಾಗಿ ಅಲ್ಲಿ ನೋಡಬೇಕಾದ್ದು ಆ ಪಾತ್ರೆ, ಬುಟ್ಟಿಗಳನ್ನೇ. ‘ಕಾನೂರು ಹೆಗ್ಗಡಿತಿ’ಯ ಜನ ಉಂಡು, ಜಗಳವಾಡಿ, ಮಲಗಿದ್ದು ಇಂಥ ಮನೆಗಳಲ್ಲೇ ಅಲ್ವಾ?

ನಾನೂ ಒಮ್ಮೆ ಸಂಜೆಯೇ ಹೋಗಿದ್ದೆ. ಒಳಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತರೆ ಮೊದಲಿಗೆ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕತ್ತಲೆಯಿಂದ ಒಂದೊಂದೇ ಸಾಮಾನು ಮೂಡಿಬಂತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗಳಿಗೆ ಕಡೆಗೋಲು ತೋರಿಸಿ, ಹಗ್ಗ ಎಲ್ಲಿ ಸುತ್ತಬೇಕು, ಯಾವ ಕೈ ಮುಂದೆ, ಯಾವ ಕೈ ಹಿಂದೆ ಅಂತ ಬರಿಗೈಯಲ್ಲೇ ಗಾಳಿಯಲ್ಲಿ ಮಜ್ಜಿಗೆ ಕಡೆದು ತೋರಿಸಿದರು. ಹುಡುಗಿ ನಕ್ಕಳು. ಆಮೇಲೆ ತಾನೂ ಕಡೆದಳು. ಪ್ರಶಸ್ತಿಗಳ ಮುಂದೆ ನಾನು ಇಷ್ಟು ಹೊತ್ತು ನಿಲ್ಲಲಿಲ್ಲ. (ಅಲ್ಲಿದ್ದ ಪದ್ಮ ಪದಕಗಳನ್ನು 2015ರಲ್ಲಿ ಕಳ್ಳರು ಹೊತ್ತೊಯ್ದರು. ಕಡೆಗೋಲು ಅವರಿಗೆ ಬೇಡವಾಯಿತು.)

ಮನೆ ಹತ್ತಿರದ ಗುಡ್ಡ ಕವಿಶೈಲಕ್ಕೆ ಹತ್ತಿದಿರೋ ಇಲ್ಲವೋ, ನೀವು ಬರೆದಿಲ್ಲ. ಸಂಜೆ ಹೋದವರು ಅದನ್ನು ಬಿಡಬಾರದು. 1994ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ತೀರಿಕೊಂಡ ಕವಿಯನ್ನು ಕೊನೆಗೆ ತಂದದ್ದು ಇಲ್ಲಿಗೇ. ಈಗ ಸುತ್ತ ನಿಲ್ಲಿಸಿರುವ ದೊಡ್ಡ ದೊಡ್ಡ ಕಲ್ಲುಗಳು ನನಗೆ ಸ್ವಲ್ಪ ಜಾಸ್ತಿಯೇ ಅನ್ನಿಸಿದವು. ಬಂಡೆಯ ಮೇಲೆ ಕೊರೆದ ಹೆಸರುಗಳು ಮಾತ್ರ ತುಂಬ ಹಿಡಿಸಿದವು: ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಜೊತೆಗೆ ಕುವೆಂಪು. ಕಾಲೇಜು ಮೇಷ್ಟ್ರುಗಳು ಗುಡ್ಡ ಹತ್ತಿ ಬಂಡೆಯ ಮೇಲೆ ಹೆಸರು ಕೊರೆಸಿದರು ಅಂದರೆ ಅವರ ಗೆಳೆತನ ಹೇಗಿದ್ದೀತು! ನಾವು ನೀವು ಹಾಗೆ ಮಾಡಬಾರದು, ಅದು ಬೇರೆ ಮಾತು.

ಇನ್ನೊಮ್ಮೆ ಹೋಗಿ. ತೀರ್ಥಹಳ್ಳಿಯಿಂದ ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಮನೆಗೆ ಸಾಕಷ್ಟು ಸಮಯ ಸಿಗುತ್ತದೆ. ಹೊತ್ತು ಮುಳುಗುವ ಮೊದಲು ಗುಡ್ಡದ ಮೇಲಿರಿ. ಇಳಿಯುವಾಗ ಮರಗಳಡಿ ಬೇಗ ಕತ್ತಲಾಗುತ್ತದೆ, ಒಂದು ಟಾರ್ಚ್ ಇರಲಿ. ಮಳೆಗಾಲವಾದರೆ ಇಂಬಳಕ್ಕೆ (ಜಿಗಣೆಗೆ) ಉಪ್ಪು ಕೂಡ.