ಪೆಸಿಫಿಕ್ ದ್ವೀಪಗಳು ಮತ್ತು ಅಮೆರಿಕದ ಕಾಯ್ದೆ: ಸಂಪಾದಕರ ಉತ್ತರ

ಮಾನ್ಯರೇ,

ಪೆಸಿಫಿಕ್ ದ್ವೀಪಗಳ ಕುರಿತ ನಮ್ಮ ಲೇಖನಕ್ಕೆ ತಾವು ಬರೆದ ದೀರ್ಘ ಪತ್ರ ತಲುಪಿದೆ. ಪಲಾವು, ಮಾರ್ಷಲ್ ದ್ವೀಪಗಳು ಮತ್ತು ಮೈಕ್ರೊನೇಷ್ಯಾಕ್ಕೆ ಇಪ್ಪತ್ತು ವರ್ಷಗಳಲ್ಲಿ ಸುಮಾರು 710 ಕೋಟಿ ಡಾಲರ್ ಒದಗಿಸುವ ಅಮೆರಿಕದ 2024ರ ಕಾಯ್ದೆ ಚೀನಾದ ಭಯದಿಂದ ಹುಟ್ಟಿದ್ದೇ ಹೊರತು ಅಲ್ಲಿನ ಜನರ ಮೇಲಿನ ಕಾಳಜಿಯಿಂದಲ್ಲ, ಆದ್ದರಿಂದ ಅದು ಬಹುಕಾಲ ಬಾಳದು ಎಂಬುದು ತಮ್ಮ ವಾದದ ಸಾರ.

ಭಯದ ಮಾತು ನಿಜ. 1986ರಲ್ಲಿ ಮಾರ್ಷಲ್ ದ್ವೀಪಗಳು ಮತ್ತು ಮೈಕ್ರೊನೇಷ್ಯಾದೊಂದಿಗೆ, 1994ರಲ್ಲಿ ಪಲಾವುವಿನೊಂದಿಗೆ ಜಾರಿಗೆ ಬಂದ ಒಪ್ಪಂದಗಳ ಪ್ರಕಾರ ಈ ದೇಶಗಳ ರಕ್ಷಣೆಯ ಹೊಣೆ ಅಮೆರಿಕದ್ದು. ಅವುಗಳ ನೆಲ, ಜಲ, ಆಕಾಶಗಳಿಗೆ ಬೇರೆ ದೇಶಗಳ ಸೇನೆ ಕಾಲಿಡದಂತೆ ತಡೆಯುವ ಹಕ್ಕೂ ಅದರದ್ದೇ. ಮಾರ್ಷಲ್ ದ್ವೀಪಗಳಿಗೆ ಸೇರಿದ ಕ್ವಾಜಲೀನ್ ಹವಳದ್ವೀಪದಲ್ಲಿ ಅಮೆರಿಕದ ಕ್ಷಿಪಣಿ ಪರೀಕ್ಷಾ ನೆಲೆಯಿದೆ. ಹೀಗಿದ್ದೂ 2023ರ ಸೆಪ್ಟೆಂಬರ್ ಕೊನೆಗೆ ಮಾರ್ಷಲ್ ದ್ವೀಪಗಳು ಮತ್ತು ಮೈಕ್ರೊನೇಷ್ಯಾದ ಹಣಕಾಸು ನೆರವಿನ ಅವಧಿ ಮುಗಿದಾಗ ಹೊಸ ಮೊತ್ತಕ್ಕೆ ಅಮೆರಿಕದ ಸಂಸತ್ತು ತಕ್ಷಣ ಒಪ್ಪಿಗೆ ಕೊಡಲಿಲ್ಲ. ಹಣವನ್ನು ಎಲ್ಲಿಂದ ಹೊಂದಿಸುವುದು ಎಂಬ ಚರ್ಚೆಯಲ್ಲೇ ತಿಂಗಳುಗಳು ಉರುಳಿದವು.

ಆ ತಿಂಗಳುಗಳಲ್ಲಿ ನಡೆದದ್ದನ್ನು ತಾವು ಗಮನಿಸಬೇಕು. 2024ರ ಜನವರಿಯಲ್ಲಿ ಪೆಸಿಫಿಕ್‌ನ ಇನ್ನೊಂದು ದ್ವೀಪದೇಶ ನೌರು ತೈವಾನ್‌ನ ಕೈಬಿಟ್ಟು ಚೀನಾದ ಜೊತೆ ಸಂಬಂಧ ಬೆಳೆಸಿತು. ತೈವಾನ್ ಜೊತೆಗೇ ಉಳಿದಿದ್ದ ಪಲಾವುವಿನ ಅಧ್ಯಕ್ಷ ಸುರಾಂಜೆಲ್ ವಿಪ್ಸ್ ಫೆಬ್ರುವರಿಯಲ್ಲಿ ಅಮೆರಿಕದ ಸೆನೆಟ್ ಸದಸ್ಯರೊಬ್ಬರಿಗೆ ಪತ್ರ ಬರೆದು, ತಮ್ಮ ದೇಶದ ಹೋಟೆಲುಗಳ ಪ್ರತಿಯೊಂದು ಕೋಣೆಯನ್ನೂ ಪ್ರವಾಸಿಗರಿಂದ ತುಂಬುವುದಾಗಿ, ಹೊಸದಾಗಿ ಕಟ್ಟಿದರೆ ಅವನ್ನೂ ತುಂಬುವುದಾಗಿ ಚೀನಾ ಮಾತು ಕೊಟ್ಟಿದೆ ಎಂದು ತಿಳಿಸಿದರು. ಹದಿನೆಂಟು ಸಾವಿರದಷ್ಟು ಜನಸಂಖ್ಯೆಯ, ಪ್ರವಾಸೋದ್ಯಮವನ್ನೇ ನೆಚ್ಚಿಕೊಂಡ ದೇಶಕ್ಕೆ ಇದು ಸಣ್ಣ ಆಮಿಷವಲ್ಲ. ಅದೇ ಚೀನಾ 2017ರಲ್ಲಿ ತನ್ನ ಪ್ರವಾಸಿ ತಂಡಗಳನ್ನು ನಿಲ್ಲಿಸಿದಾಗ ಆದ ನಷ್ಟವನ್ನು ಅಲ್ಲಿನವರು ಮರೆತಿರಲಿಲ್ಲ. ಕಾಯ್ದೆ ಅಂಗೀಕಾರವಾದದ್ದು ಮಾರ್ಚ್‌ನಲ್ಲಿ. ಎದುರಾಳಿಗೆ ದಾರಿ ಮಾಡಿಕೊಟ್ಟದ್ದು ಈ ವಿಳಂಬ ಎಂದೇ ನನ್ನ ಅಭಿಪ್ರಾಯ.

ಆದರೂ ಭಯದಿಂದ ಹುಟ್ಟಿದ ಕಾಯ್ದೆಗಳೆಲ್ಲ ಒಂದೇ ಬಗೆಯವಲ್ಲ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಕೆಳಮನೆ ಆಫ್ರಿಕಾದಲ್ಲಿ ರಷ್ಯಾದ ಪ್ರಭಾವವನ್ನು ತಡೆಯುವ ಮಸೂದೆಯೊಂದನ್ನು ಭಾರೀ ಬಹುಮತದಿಂದ ಅಂಗೀಕರಿಸಿತು. ರಷ್ಯಾದ ಚಟುವಟಿಕೆಗಳಿಗೆ ನೆರವಾಗುವ ಆಫ್ರಿಕದ ಸರ್ಕಾರಗಳನ್ನು ಹೊಣೆ ಮಾಡುವ ಮಾತು ಅದರಲ್ಲಿತ್ತು. ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳ ಒಕ್ಕೂಟ ಬಹಿರಂಗವಾಗಿಯೇ ಅಸಮಾಧಾನ ತೋರಿತು, ದಕ್ಷಿಣ ಆಫ್ರಿಕಾದ ಅಧ್ಯಕ್ಷ ರಾಮಫೋಸಾ ಈ ವಿಷಯವನ್ನು ಅಮೆರಿಕದ ಆಗಿನ ಅಧ್ಯಕ್ಷ ಬೈಡನ್ ಅವರ ಮುಂದೆಯೇ ಇಟ್ಟರು, ಮಸೂದೆ ಕಾನೂನಾಗಲಿಲ್ಲ. ತಾವಿರುವ ನೆಲದ ಬಗ್ಗೆ ತಮ್ಮನ್ನು ಕೇಳದೆಯೇ ಇಬ್ಬರು ದೊಡ್ಡವರು ಲೆಕ್ಕ ಹಾಕುವುದನ್ನು ಯಾರು ಸಹಿಸುತ್ತಾರೆ? ಪೆಸಿಫಿಕ್ ಕಾಯ್ದೆಯಾದರೋ ಮೂರು ಸರ್ಕಾರಗಳು ಕುಳಿತು ಚೌಕಾಸಿ ಮಾಡಿ ಸಹಿ ಹಾಕಿದ ಒಪ್ಪಂದಗಳ ಮೇಲೆ ನಿಂತಿದೆ. ಈ ದ್ವೀಪಗಳ ಜನ ವೀಸಾ ಇಲ್ಲದೆ ಅಮೆರಿಕದಲ್ಲಿ ನೆಲೆಸಿ ದುಡಿಯಬಹುದು, ಅಲ್ಲಿನ ಸೇನೆಗೂ ಸೇರಬಹುದು. ಆದರೆ 1996ರ ಕಾನೂನು ಅಲ್ಲಿ ನೆಲೆಸಿದವರಿಂದ ಹಲವು ಸರ್ಕಾರಿ ಸವಲತ್ತುಗಳನ್ನು ಕಿತ್ತುಕೊಂಡಿತ್ತು. ಬಡವರ ವೈದ್ಯಕೀಯ ನೆರವು 2020ರ ಕೊನೆಯಲ್ಲಿ ಮರಳಿ ಸಿಕ್ಕಿತು. ಆಹಾರ ನೆರವಿನಂಥ ಉಳಿದ ಸವಲತ್ತುಗಳ ಬಾಗಿಲು ತೆರೆದದ್ದು ಈ 2024ರ ಕಾಯ್ದೆ. ಚೀನಾದ ಆಮಿಷಕ್ಕೆ ಕೊಟ್ಟ ಉತ್ತರಗಳಲ್ಲಿ ಇದಕ್ಕೇ ಹೆಚ್ಚು ತೂಕ ಎಂದು ನಾನು ನಂಬುತ್ತೇನೆ.

ತಮ್ಮ ಆಕ್ಷೇಪ ನಿಜಕ್ಕೂ ನಾಟುವುದು ಮಾರ್ಷಲ್ ದ್ವೀಪಗಳ ವಿಷಯದಲ್ಲಿ. 1946ರಿಂದ 1958ರವರೆಗೆ ಅಮೆರಿಕ ಅಲ್ಲಿ 67 ಪರಮಾಣು ಪರೀಕ್ಷೆಗಳನ್ನು ನಡೆಸಿತು. ರುನಿಟ್ ದ್ವೀಪದಲ್ಲಿ ಸ್ಫೋಟದಿಂದ ಉಂಟಾದ ಕುಳಿಯೊಂದಕ್ಕೆ ವಿಕಿರಣಯುಕ್ತ ಮಣ್ಣನ್ನು ಸುರಿದು, ಮೇಲೆ ಸುಮಾರು ಒಂದೂವರೆ ಅಡಿ ದಪ್ಪದ ಕಾಂಕ್ರೀಟ್ ಮುಚ್ಚಲಾಗಿದೆ; ತಳಕ್ಕೆ ಯಾವ ಹಾಸೂ ಇಲ್ಲ. ಪರಿಹಾರಕ್ಕೆಂದು ರಚಿಸಿದ ನ್ಯಾಯಮಂಡಳಿ 200 ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ನಿಗದಿ ಮಾಡಿತು. ಅದಕ್ಕಾಗಿ ಸ್ಥಾಪಿಸಿದ ನಿಧಿ 15 ಕೋಟಿಯದ್ದು. ಹೊಸ ಒಪ್ಪಂದದಲ್ಲಿ ಇಲ್ಲಿಗೆ ದೊಡ್ಡ ಮೊತ್ತವೇ ಸಿಕ್ಕಿದೆ, ಆದರೆ ಪರಮಾಣು ಹಾನಿಯ ಪ್ರಶ್ನೆ ಹಿಂದಿನ ಒಪ್ಪಂದದಲ್ಲೇ ಪೂರ್ಣವಾಗಿ ಇತ್ಯರ್ಥವಾಗಿದೆ ಎಂಬ ಹಳೆಯ ನಿಲುವನ್ನು ಅಮೆರಿಕ ಸಡಿಲಿಸಿಲ್ಲ. ಆ ನಿಲುವು ಬದಲಾಗಬೇಕೆಂದು ಮಾರ್ಷಲ್ ದ್ವೀಪಗಳ ಸರ್ಕಾರ ಕೇಳುತ್ತಲೇ ಬಂದಿದೆ, ಮತ್ತು ಅದು ಕೇಳುತ್ತಿರುವುದು ನ್ಯಾಯವಾದದ್ದನ್ನೇ.

— ಸಂಪಾದಕ